ಜಲದುರ್ಗದೊಳಗೊಂದು ವನದುರ್ಗ: ವಿಹಾರ ನೌಕೆಯ ಒಳಾಂಗಣದಲ್ಲಿ ನಿಸರ್ಗ



ಕೌಟಿಲ್ಯನ ಅರ್ಥಶಾಸ್ತ್ರ ದುರ್ಗಗಳನ್ನು ನಾಲ್ಕು ಬಗೆಯಾಗಿ ಹೇಳುತ್ತದೆ. ನೀರು ಸುತ್ತುವರಿದದ್ದು ಔದಕ. ಅದನ್ನೇ ನಾವು ಜಲದುರ್ಗ ಎನ್ನುತ್ತೇವೆ. ಬೆಟ್ಟದ ಮೇಲಿನದು ಪಾರ್ವತ, ನೀರು ನೆರಳಿಲ್ಲದ ಬೆಂಗಾಡಿನದು ಧಾನ್ವನ, ಜವುಗು ಮತ್ತು ದಟ್ಟ ಪೊದೆಗಳ ನಡುವಿನದು ವನದುರ್ಗ. ಪುಸ್ತಕದ ಈ ವಿಂಗಡಣೆ ನಮ್ಮ ಸಗರನಾಡಿನ ಸುತ್ತಮುತ್ತ ಊರುಗಳ ಹೆಸರಾಗಿ ಇನ್ನೂ ಉಸಿರಾಡುತ್ತಿದೆ. ಲಿಂಗಸುಗೂರು ತಾಲ್ಲೂಕಿನಲ್ಲಿ, ಕೃಷ್ಣೆಯ ನಡುಗಡ್ಡೆಯ ಮೇಲೆ ಜಲದುರ್ಗವಿದೆ. ಶಹಾಪುರ ತಾಲ್ಲೂಕಿನಲ್ಲಿ, ಸುರಪುರದ ನಾಯಕರು ಕಟ್ಟಿದ ಕೋಟೆಯೊಡನೆ, ನಾವಿಂದು ಸೇರಿರುವ ಈ ವನದುರ್ಗವಿದೆ. ವನದುರ್ಗ ಎಂಬ ಕಲ್ಪನೆಯನ್ನು ಸ್ವಲ್ಪ ಬಿಡಿಸಿ ನೋಡಿ. ಅಲ್ಲಿ ಕಾಡಿಗೆ ಶೃಂಗಾರದ ಪಾತ್ರವಿಲ್ಲ, ಕಾವಲಿನ ಪಾತ್ರವಿದೆ. ಪೊದೆ ಹಗೆಯನ್ನು ತಡೆಯಬೇಕು, ಜವುಗು ಕುದುರೆಯ ಕಾಲು ಹಿಡಿಯಬೇಕು. ಗೋಡೆಯ ಮೇಲೆ ಕಾಡಿನ ಚಿತ್ರ ಬರೆಸಿದ ಮಾತ್ರಕ್ಕೆ ಯಾವ ಕೋಟೆಯೂ ವನದುರ್ಗವಾಗದು. ಇಂದು ನಾನು ಮುಂದಿಡುವ ವಾದ ಈ ಒಂದು ಮಾತಿನ ವಿಸ್ತರಣೆ.

ಸಮುದ್ರದ ವಿಹಾರ ನೌಕೆ ನಮ್ಮ ಕಾಲದ ಜಲದುರ್ಗ. 2009ರಲ್ಲಿ ಸಂಚಾರ ಆರಂಭಿಸಿದ ಓಯಸಿಸ್ ಆಫ್ ದಿ ಸೀಸ್ ಐದು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರುತ್ತದೆ. 2024ರ ಐಕಾನ್ ಆಫ್ ದಿ ಸೀಸ್ ಅದಕ್ಕಿಂತಲೂ ದೊಡ್ಡದು. ಇಂಥ ಹಡಗುಗಳು ಒಂದೊಂದೂ ತೇಲುವ ಪಟ್ಟಣ. ಆದರೆ ಪಟ್ಟಣದ ಒಳಮನೆಗಳು ಬಲು ಇಕ್ಕಟ್ಟು. ಹಡಗಿನ ಹೊಟ್ಟೆಯೊಳಗಿನ ಕಿಟಕಿಯಿಲ್ಲದ ಕ್ಯಾಬಿನ್ ಸಾಮಾನ್ಯವಾಗಿ ನೂರೈವತ್ತು ಚದರ ಅಡಿಯ ಆಜುಬಾಜಿನದು. ಸುತ್ತ ಮೈಲಿಗಟ್ಟಲೆ ನೀರು, ಗಾಳಿ, ಬೆಳಕು ಇದ್ದರೂ ಒಳಗಿರುವವನಿಗೆ ಹಗಲು ಯಾವುದು, ರಾತ್ರಿ ಯಾವುದು ತಿಳಿಯದು. ಈ ಕೊರತೆ ತುಂಬಲೆಂದೇ ‘ನಿಸರ್ಗ ಪ್ರೇರಿತ ಒಳಾಂಗಣ’ ಎಂಬ ಮಾತು ಇಂದು ವಿನ್ಯಾಸಕಾರರ ನಾಲಿಗೆಯ ಮೇಲಿದೆ. ಎಲೆ ಬಳ್ಳಿಗಳ ಗೋಡೆಕಾಗದ, ಮರದ ನಾರಿನಂತೆ ಕಾಣುವ ಸನ್‌ಮೈಕ, ಪ್ಲಾಸ್ಟಿಕ್ ಬಿದಿರು, ಹವಳದ ಬಣ್ಣದ ಮೆತ್ತೆ, ಇಷ್ಟನ್ನು ಜೋಡಿಸಿ ಅದಕ್ಕೆ ನಿಸರ್ಗದ ಹೆಸರಿಡುವುದು ಸುಲಭದ ದಾರಿ. ಇದು ನಿಸರ್ಗದ ರೂಪವನ್ನು ಮಾತ್ರ ಒಳಗೆ ತರುವ ಕ್ರಮ. ನಿಸರ್ಗದ ಗುಣವನ್ನು ತರುವ ಇನ್ನೊಂದು ಕ್ರಮವಿದೆ. ನೆರಳು ಮಾಡುವ ಕೆಲಸ, ಗಾಳಿ ಮಾಡುವ ಕೆಲಸ, ಹೊತ್ತು ಏರಿದಂತೆ ಬದಲಾಗುವ ಬೆಳಕು ಮಾಡುವ ಕೆಲಸ, ದೂರದ ನೋಟ ಮಾಡುವ ಕೆಲಸ, ಇವೆಲ್ಲ ಆ ಗುಣದೊಳಗೆ ಬರುತ್ತವೆ. ಹಡಗಿನಲ್ಲಿ ನಿಜವಾದ ಐಷಾರಾಮ ಈ ಎರಡನೆಯ ಕ್ರಮದಿಂದಲೇ ಹುಟ್ಟುತ್ತದೆ. ಆ ಕ್ರಮದ ಪಾಠ ಹಸಿರು ಕಡಿಮೆಯಿರುವ ಬಿಸಿಲ ನಾಡುಗಳಲ್ಲಿ ಹೆಚ್ಚು ಸಿಗುತ್ತದೆ. ಇವೆರಡು ನನ್ನ ಪ್ರತಿಪಾದನೆ.

ರೂಪದ ದಾರಿ ಹಡಗಿನಲ್ಲಿ ಅಪಾಯಕರವೂ ಹೌದು ಎಂಬುದಕ್ಕೆ ಇತಿಹಾಸ ಸಾಕ್ಷಿ ಹೇಳುತ್ತದೆ. 1934ರ ಸೆಪ್ಟೆಂಬರ್ 8ರಂದು ಹವಾನಾದಿಂದ ನ್ಯೂಯಾರ್ಕಿಗೆ ಮರಳುತ್ತಿದ್ದ ಮೊರೊ ಕ್ಯಾಸಲ್ ಹಡಗಿಗೆ ಬೆಂಕಿ ಬಿತ್ತು. ಅದರ ಒಳಾಂಗಣವೆಲ್ಲ ಚಂದದ ಮರದ ಹೊದಿಕೆ. ಆ ಹೊದಿಕೆಯೇ ಉರಿಗೆ ಹಾದಿಯಾಗಿ 137 ಮಂದಿ ಸತ್ತರು. ಈ ಪಾಠ ಅಮೆರಿಕದ ನೌಕಾ ವಿನ್ಯಾಸಕಾರ ವಿಲಿಯಂ ಫ್ರಾನ್ಸಿಸ್ ಗಿಬ್ಸ್ ಅವರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಇಳಿಯಿತೆಂದರೆ, 1952ರಲ್ಲಿ ಸಂಚಾರ ಆರಂಭಿಸಿದ ಯುನೈಟೆಡ್ ಸ್ಟೇಟ್ಸ್ ಎಂಬ ಹಡಗಿನಲ್ಲಿ ಪಿಯಾನೊ ಮತ್ತು ಮಾಂಸ ಕೊಚ್ಚುವ ಕೊರಡು ಬಿಟ್ಟರೆ ಮರವೇ ಇಲ್ಲ ಎಂಬ ಮಾತು ಹೆಸರಾಯಿತು. ಹಾಗಾದರೆ ಮರ ಬಿಟ್ಟು ಮರದಂತೆ ಕಾಣುವುದನ್ನು ಬಳಸಿದರೆ ಆಯಿತಲ್ಲ ಎನ್ನಬಹುದು. 1990ರ ಏಪ್ರಿಲ್‌ನಲ್ಲಿ ನಾರ್ವೆ ಮತ್ತು ಡೆನ್ಮಾರ್ಕ್ ನಡುವೆ ಸಾಗುತ್ತಿದ್ದ ಸ್ಕ್ಯಾಂಡಿನೇವಿಯನ್ ಸ್ಟಾರ್ ಅದಕ್ಕೂ ಉತ್ತರ ಕೊಟ್ಟಿತು. ಅದರ ಓಣಿಗಳ ಗೋಡೆಗೆ ಮೆಲಮೈನ್ ಲ್ಯಾಮಿನೇಟ್ ಹಚ್ಚಿತ್ತು. ಅದು ಹೊತ್ತಿದಾಗ ವಿಷಗಾಳಿ ಎದ್ದಿತು. ಸತ್ತ 159 ಜನರಲ್ಲಿ ಬಹುಪಾಲು ಮಂದಿಯನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ. ಹಡಗಿಗೆ ಹಿತ್ತಿಲ ಬಾಗಿಲು ಇಲ್ಲ. ಮನೆಗೆ ಬೆಂಕಿ ಬಿದ್ದರೆ ಬೀದಿಗೆ ಓಡಬಹುದು, ಹಡಗಿನಿಂದ ಎಲ್ಲಿಗೆ ಓಡುವುದು?

ಆದಕಾರಣ ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ, ಅಂದರೆ 1974ರ ಸೊಲಾಸ್, ಅಲಂಕಾರಕ್ಕೂ ಅಳತೆ ಹಾಕಿದೆ. ಒಂದು ಕೋಣೆಯಲ್ಲಿ ಉರಿಯಬಲ್ಲ ಹೊದಿಕೆ, ಅಂಚುಪಟ್ಟಿ, ಅಲಂಕಾರ ಎಲ್ಲವನ್ನೂ ಒಟ್ಟುಗೂಡಿಸಿದರೆ, ಆ ಕೋಣೆಯ ಗೋಡೆ ಮತ್ತು ಚಾವಣಿಗೆ ಎರಡೂವರೆ ಮಿಲಿಮೀಟರ್ ದಪ್ಪದ ಪದರ ಬಳಿದಷ್ಟು ಗಾತ್ರವನ್ನು ಅದು ಮೀರಬಾರದು. ಹೊದಿಕೆಯ ಉರಿಯುವ ಶಕ್ತಿ ಚದರ ಮೀಟರಿಗೆ 45 ಮೆಗಾಜೂಲ್ ದಾಟಬಾರದು. ಎರಡೂವರೆ ಮಿಲಿಮೀಟರ್ ಎಂದರೆ ಕೆಲವು ಪೋಸ್ಟ್‌ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟಷ್ಟು. ಆ ದಪ್ಪದೊಳಗೇ ವಿನ್ಯಾಸಕಾರನ ಕಾಡು ಹಿಡಿಯಬೇಕು. ಬೆಂಕಿಯ ಜೊತೆಗೆ ತೂಕದ ಲೆಕ್ಕವೂ ಇದೆ. ನಮ್ಮ ನೆರೆಯ ಶಹಾಬಾದಿನ ಫರಸಿ ಕಲ್ಲನ್ನೇ ತೆಗೆದುಕೊಳ್ಳಿ. ತಣ್ಣಗಿನ ಬೂದು ನೀಲಿ ಬಣ್ಣ, ಬರಿಗಾಲಿಗೆ ಹಿತ, ಬೆಂಕಿಗೆ ಅಂಜದ ಸುಣ್ಣಕಲ್ಲು. ಆದರೆ ಇಪ್ಪತ್ತು ಮಿಲಿಮೀಟರ್ ದಪ್ಪದ ಫರಸಿ ಚದರ ಮೀಟರಿಗೆ ಐವತ್ತು ಕಿಲೋ ದಾಟುತ್ತದೆ; ಸಾವಿರ ಚದರ ಮೀಟರಿಗೆ ಹಾಸಿದರೆ ಐವತ್ತು ಟನ್ನಿಗೂ ಮಿಗಿಲು. ಈ ಭಾರ ಹಡಗಿನ ಮೇಲಂತಸ್ತಿನಲ್ಲಿ ಕೂತರೆ ಹಡಗಿನ ತೂಕದ ನಡುಬಿಂದು ಮೇಲೇರಿ ಸಮತೋಲಕ್ಕೆ ಕುತ್ತು. ಅದಕ್ಕಾಗಿ ಹಡಗಿನ ಕೆಲಸದಲ್ಲಿ ಕಲ್ಲನ್ನು ಕೆಲವೇ ಮಿಲಿಮೀಟರಿಗೆ ಸೀಳಿ, ಜೇನುಹುಟ್ಟಿನಂಥ ಅಲ್ಯುಮಿನಿಯಂ ಹಲಗೆಗೆ ಅಂಟಿಸುತ್ತಾರೆ. ಮೇಲೆ ಕಾಣುವುದು ಕಲ್ಲು. ಭಾರ ಇಳಿಸಿದ್ದು ಜೇನಿನ ಜಾಣ್ಮೆ. ಆರು ಮೂಲೆಯ ಕೋಶದಿಂದ ಕಡಿಮೆ ವಸ್ತುವಿನಲ್ಲಿ ಹೆಚ್ಚು ಬಲ ಪಡೆಯುವ ವಿದ್ಯೆ ಜೇನಿನದು. ಕಣ್ಣಿಗೆ ಬೀಳದ ಆ ಹಲಗೆ, ಗೋಡೆಯ ಮೇಲಿನ ನೂರು ಎಲೆಗಳಿಗಿಂತ ಹೆಚ್ಚು ನಿಸರ್ಗ ಪ್ರೇರಿತ.

ಗುಣದ ದಾರಿ ಫಲ ಕೊಡುತ್ತದೆ ಎಂಬುದಕ್ಕೂ ಆಧಾರವಿದೆ. 1984ರಲ್ಲಿ ಸಂಶೋಧಕ ರೋಜರ್ ಉಲ್ರಿಚ್ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳ ದಾಖಲೆಗಳನ್ನು ಅವರು ಜೋಡಿ ಜೋಡಿಯಾಗಿ ಹೋಲಿಸಿದರು. ಅರ್ಧ ಮಂದಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದರ್ಧ ಮಂದಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರೆ ಗೋಡೆ ಕಂಡವರಿಗೆ 8.70 ದಿನ ಬೇಕಾಯಿತು. ಬಲವಾದ ನೋವುನಿವಾರಕಗಳೂ ಮೊದಲಿನವರಿಗೆ ಕಡಿಮೆ ಸಾಕಾದವು. 46 ಜನರ ಮೇಲಿನ ಅಧ್ಯಯನ ಚಿಕ್ಕದು, ಆಸ್ಪತ್ರೆ ಬೇರೆ, ಹಡಗು ಬೇರೆ, ನಿಜ. ಆದರೆ ಅದು ತೋರಿದ ದಿಕ್ಕನ್ನು ಗಮನಿಸಬೇಕು. ಅಲ್ಲಿ ಕೋಣೆಯ ಒಳಗೆ ಏನನ್ನೂ ಬದಲಿಸಿರಲಿಲ್ಲ, ಗೋಡೆಗೆ ಹೂವಿನ ಚಿತ್ರ ಅಂಟಿಸಿರಲಿಲ್ಲ. ಕಣ್ಣು ಎಲ್ಲಿಗೆ ಹೋಗಿ ತಂಗುತ್ತದೆ ಎಂಬುದಷ್ಟೇ ಬೇರೆಯಾಗಿತ್ತು. ಇದೇ ಮಾತಿಗೆ ಶಹಾಪುರದ ಬೆಟ್ಟಸಾಲು ಉತ್ತಮ ನಿದರ್ಶನ. ಒಂದು ಕಡೆಯಿಂದ ನೋಡಿದರೆ ಬುದ್ಧ ಮಲಗಿದ್ದಾನೆ: ಹಣೆ, ಮೂಗು, ಗಲ್ಲ, ಎದೆ ಎಲ್ಲ ಸ್ಪಷ್ಟ. ಹತ್ತಿರ ಹೋದರೆ ಬರಿ ಬಂಡೆ. ಯಾರೂ ಉಳಿಯಿಂದ ಕೆತ್ತಿದ್ದಲ್ಲ. ನಿಂತ ಜಾಗ ಸರಿಯಾಗಿದ್ದರೆ ಬೆಟ್ಟ ತಾನೇ ಮೂರ್ತಿಯಾಗುತ್ತದೆ. ಹಡಗಿನ ವಿನ್ಯಾಸಕಾರನ ಮೊದಲ ಕೆಲಸವೂ ಇದೇ. ಹಾಸಿಗೆಯಿಂದ ಏಳುವವನ ಕಣ್ಣಿಗೆ ದಿಗಂತ ಸಿಗುವಂತೆ, ಊಟದ ಮೇಜಿನಿಂದ ನೀರಿನ ಗೆರೆ ಕಾಣುವಂತೆ ನಿಲ್ಲುವ, ಕೂರುವ, ಮಲಗುವ ಜಾಗಗಳನ್ನು ಅವನು ಹೊಂದಿಸಬೇಕು. ಹೊಯ್ದಾಡುವ ಹಡಗಿನಲ್ಲಿ ಅಲುಗದ ದಿಗಂತ ಕಂಡರೆ ತಲೆಸುತ್ತು ಕಡಿಮೆಯಾಗುವುದೂ ಉಂಟು. ಒಳಕಿವಿ ಹೇಳುವ ಚಲನೆಗೂ ಕಣ್ಣು ಹೇಳುವ ಚಲನೆಗೂ ಅಲ್ಲಿ ಹೊಂದಾಣಿಕೆಯಾಗುತ್ತದೆ.

ಬಿಸಿಲ ನಾಡು ಗುರುವಾಗುತ್ತದೆ ಎಂದೆ. ನಮ್ಮ ಯಾದಗಿರಿ ಜಿಲ್ಲೆಯ ಬೇಸಿಗೆ ನಲವತ್ತು ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು. ಹಸಿರು ಹೇರಳವಾಗಿರುವ ಕಡೆ ಮನುಷ್ಯ ಅದನ್ನು ನೋಡಿ ಸುಮ್ಮನಿರಬಹುದು. ಇಲ್ಲಿ ತಂಪನ್ನು ಲೆಕ್ಕ ಹಾಕಿ ಕಟ್ಟಬೇಕು. ಇಲ್ಲಿನ ಹಳೆಯ ಮಾಳಿಗೆ ಮನೆಯನ್ನು ಸಮೀಪದಿಂದ ನೋಡಿ. ದಪ್ಪ ಗೋಡೆ, ಜಂತಿಗಳ ಮೇಲೆ ಮಣ್ಣಿನ ಹೊದಿಕೆ. ಹಗಲಿನ ಕಾವು ಆ ಮಣ್ಣನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ, ಮನೆಮಂದಿ ಹಾಸಿಗೆ ಸುತ್ತಿಕೊಂಡು ಮಾಳಿಗೆಯ ಮೇಲೆ ಮಲಗಲು ಹೋಗಿರುತ್ತಾರೆ. ನಡುಮನೆಯ ಮೇಲೆ ಒಂದು ಗವಾಕ್ಷಿ. ಅದರಿಂದ ಇಳಿದ ಬೆಳಕಿನ ತುಂಡು ಮುಂಜಾನೆ ಗೋಡೆಯ ಮೇಲಿದ್ದು, ಮಧ್ಯಾಹ್ನ ನೆಲಕ್ಕಿಳಿದು, ಸಂಜೆಗೆ ಎದುರು ಗೋಡೆ ಏರುತ್ತದೆ. ಗಡಿಯಾರವಿಲ್ಲದ ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತನ್ನು ಹೇಳಬಲ್ಲ ಬೆಳಕು ಅದು. ಗೋಡೆಗೆ ಒಂದು ಎಲೆಯ ಚಿತ್ರವೂ ಇಲ್ಲದ ಆ ಮನೆಯೊಳಗೆ ಸೂರ್ಯನ ಇಡೀ ದಿನಚರಿ ಇದೆ. ಬಡವರ ಮನೆಯ ಈ ವಿವೇಕ ಅರಸರ ವಿಲಾಸದಲ್ಲೂ ಕಾಣುತ್ತದೆ. ವಿಜಯಪುರದ ಆದಿಲ್‌ಶಾಹಿಗಳು ಬೇಸಿಗೆ ಕಳೆಯಲು ಕುಮಟಗಿಯಲ್ಲಿ ಜಲಮಂಟಪಗಳನ್ನು ಕಟ್ಟಿಸಿದರು. ಎತ್ತರಕ್ಕೆ ಏರಿಸಿದ ನೀರನ್ನು ಕೊಳವೆಗಳಲ್ಲಿ ಹರಿಸಿ, ಮಂಟಪದೊಳಗೆ ತುಂತುರಾಗಿ ಇಳಿಸುವ ವ್ಯವಸ್ಥೆ ಅಲ್ಲಿತ್ತು. ಅರಸರು ಮಳೆಯ ಚಿತ್ರವನ್ನು ನೋಡಿ ತೃಪ್ತರಾಗಲಿಲ್ಲ, ಮಳೆಯ ಕೆಲಸವನ್ನೇ ಮನೆಯೊಳಗೆ ಕರೆದರು. ಅಲ್ಲಿ ಗೋಡೆಗಳ ಮೇಲೆ ಚಿತ್ರಗಳೂ ಇದ್ದವು, ಅವು ಮಾಸಿಹೋಗಿವೆ. ನೀರಿನ ಜಾಣ್ಮೆ ಇಂದಿಗೂ ನೋಡುವವರಿಗೆ ಅರ್ಥವಾಗುತ್ತದೆ.

ಹಡಗಿನಲ್ಲೇ ಈ ಕ್ರಮ ನಡೆದ ಉದಾಹರಣೆಗಳುಂಟು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಹಾದು ಕಲ್ಲಿಕೋಟೆಗೆ ಬಂದ ಪ್ರವಾಸಿ ಇಬ್ನ್ ಬತೂತ, ಅಲ್ಲಿ ಕಂಡ ಚೀನೀ ಹಡಗುಗಳ ಬಗ್ಗೆ ಬರೆಯುತ್ತ, ನಾವಿಕರು ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿ ಬೆಳೆಯುತ್ತಿದ್ದರೆಂದು ದಾಖಲಿಸಿದ್ದಾನೆ. ಅದು ಊಟಕ್ಕೆ ಒದಗುವ ತೋಟ. ಓಯಸಿಸ್ ಆಫ್ ದಿ ಸೀಸ್ ಹಡಗಿನಲ್ಲಿ ಮೇಲಿನ ಅಂತಸ್ತುಗಳನ್ನು ನಡುವೆ ಸೀಳಿ, ಆಕಾಶಕ್ಕೆ ತೆರೆದ ಅಂಗಳದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜೀವಂತ ಗಿಡಗಳನ್ನು ಬೆಳೆಸಿದರು. ಒಳಬದಿಯ ಕೆಲವು ಕ್ಯಾಬಿನ್ನುಗಳ ಕಿಟಕಿ ಈ ತೋಟಕ್ಕೆ ತೆರೆಯುತ್ತದೆ. ನಮ್ಮ ತೊಟ್ಟಿಮನೆಯ ತತ್ವವೂ ಇದೇ: ಹೊರಗೆ ಕಿಟಕಿ ಸಿಗದಿದ್ದರೆ ಮನೆಯ ನಡುವೆ ಆಕಾಶವನ್ನು ಇಳಿಸು. ನದಿಯ ಹಡಗಿನ ಮಾತಿಗೆ ಬಂದರೆ ಕರ್ನಾಟಕದ ನಂಟಿರುವ ಉದಾಹರಣೆ ಗಂಗಾ ವಿಲಾಸ್. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟು, ಸುಮಾರು 3,200 ಕಿಲೋಮೀಟರ್ ಸಾಗಿ ದಿಬ್ರುಗಢ ಮುಟ್ಟಿದ ಈ ನೌಕೆಯ ಒಳಾಂಗಣವನ್ನು ರೂಪಿಸಿದವರು ಬೆಂಗಳೂರಿನ ಕಲಾ ಇತಿಹಾಸಕಾರ್ತಿ ಅನ್ನಪೂರ್ಣ ಗರಿಮೆಳ್ಳ. 62 ಮೀಟರ್ ಉದ್ದದ ಹಡಗಿನಲ್ಲಿ 18 ಕೋಣೆ, 36 ಪ್ರಯಾಣಿಕರು ಮಾತ್ರ. ಇಷ್ಟು ಕಡಿಮೆ ಮಂದಿ ಇರುವುದರಿಂದ ಎಲ್ಲರ ಪಾಲಿಗೂ ಹೊಳೆ ಬರುತ್ತದೆ. ಅಲ್ಲಿನ ಅತಿ ದುಬಾರಿ ಅಲಂಕಾರ ಕಿಟಕಿಯಾಚೆ ಹರಿಯುತ್ತಿರುತ್ತದೆ. ಒಳಾಂಗಣ ಅದಕ್ಕೆ ಪೈಪೋಟಿ ಕೊಡದೆ ತಗ್ಗಿ ಬಗ್ಗಿ ನಡೆದರೆ ಸಾಕು.

ಕೈಮುಟ್ಟುವ ವಸ್ತುಗಳಿಗೂ ಇದೇ ಒರೆಗಲ್ಲು. ನಮ್ಮ ಕಡೆಯ ಕಂಬಳಿಯನ್ನು ನೋಡಿ. ದಖ್ಖನಿ ಕುರಿಯ ಕರಿ ಉಣ್ಣೆ, ಕೈಯಿಂದ ತೆಗೆದ ನೂಲು, ಹುಣಸೆ ಬೀಜದ ಸರಿ ಹಚ್ಚಿ ಗಡಸು ಮಾಡಿದ ಹಾಸು, ಗುಣಿಮಗ್ಗದ ನೇಯ್ಗೆ. ಕುರಿಗಾಹಿಯ ಹೆಗಲ ಮೇಲೆ ಅದು ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ದಣಿವಿಗೆ ಹಾಸಿಗೆ. ಉಣ್ಣೆಗೆ ಹತ್ತಿಗಿಂತ ತಡವಾಗಿ ಬೆಂಕಿ ಹತ್ತುತ್ತದೆ. ಕಿಡಿ ಬಿದ್ದರೆ ಭಗ್ಗನೆ ಉರಿಯದೆ ಕರಿಗಟ್ಟುತ್ತದೆ. ಅದು ಗಾಳಿಯ ಪಸೆಯನ್ನು ಹೀರಿಕೊಂಡು ಒಣ ಹೊತ್ತಿನಲ್ಲಿ ಬಿಟ್ಟುಕೊಡುತ್ತದೆ, ಸದ್ದನ್ನು ನುಂಗುತ್ತದೆ. ಎಂಜಿನ್ನಿನ ಗುನುಗು ನಿಲ್ಲದ, ಉಪ್ಪುಗಾಳಿ ಬಿಡದ ಹಡಗಿನ ಕ್ಯಾಬಿನ್ನಿಗೆ ಇದಕ್ಕಿಂತ ಒಪ್ಪುವ ಗೋಡೆ ಹಾಸು ಯಾವುದು? ಹಡಗಿನ ಪ್ರತಿ ಬಟ್ಟೆಯೂ ಬೆಂಕಿಯ ಪರೀಕ್ಷೆ ದಾಟಲೇಬೇಕು. ಹುಣಸೆ ಸರಿ ಹಚ್ಚಿದ ಕಂಬಳಿಯನ್ನು ಇದ್ದ ಹಾಗೆಯೇ ಪರೀಕ್ಷೆಗೆ ಒಡ್ಡಿ ತಿಳಿಯಬೇಕು. ಆದರೆ ಪರೀಕ್ಷೆಗೆ ಕಳಿಸುವ ಯೋಗ್ಯತೆ ಅದಕ್ಕಿದೆ. ಇನ್ನು ಸುರಪುರದ ಚಿತ್ರಕಲೆ. ಗರುಡಾದ್ರಿ ಮನೆತನದವರ ಕೈಯಲ್ಲಿ ಹೆಸರಾದ ಈ ಕಿರುಚಿತ್ರಗಳ ಸೊಗಸೆಲ್ಲ ಕೂದಲೆಳೆಯಂಥ ಗೆರೆಯಲ್ಲಿ, ಬಂಗಾರದ ಮಿನುಗಿನಲ್ಲಿ, ಅಂಚಿನ ಹೂಬಳ್ಳಿಯಲ್ಲಿದೆ. ಅದನ್ನು ಹಿಗ್ಗಿಸಿ ಮೂವತ್ತು ಅಡಿಯ ಗೋಡೆಗೆ ಮುದ್ರಿಸಿದರೆ ಗೆರೆ ಸಾಯುತ್ತದೆ. ಅಂಗೈಯಗಲದ ಮೂಲ ಚಿತ್ರವೊಂದನ್ನು ಹಾಸಿಗೆಯ ಪಕ್ಕ, ಮುಖಕ್ಕೆ ಹತ್ತಿರವಾಗಿ ಇಟ್ಟರೆ ಪುಟ್ಟ ಕ್ಯಾಬಿನ್ನೇ ಅದಕ್ಕೆ ಸರಿಯಾದ ಮನೆ. ನಿಸರ್ಗದ ಬಗ್ಗೆ ಚಿತ್ರ ಕಲಿಸುವುದು ಹತ್ತಿರದಿಂದ ನೋಡುವ ತಾಳ್ಮೆಯನ್ನು. ರೂಪ ಬೇಡವೆಂದು ನಾನು ಹೇಳುತ್ತಿಲ್ಲ. ರೂಪವೂ ಒಂದು ಕೆಲಸ ಮಾಡಬೇಕು ಎನ್ನುತ್ತಿದ್ದೇನೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ಎದುರಿಸೋಣ. ಕಿಟಕಿಯಿಲ್ಲದ ಸಾವಿರಾರು ಕ್ಯಾಬಿನ್ನುಗಳಿಗೆ ಗುಣವನ್ನು ಎಲ್ಲಿಂದ ತರುತ್ತೀರಿ, ಅಲ್ಲಿ ಅನುಕರಣೆಯೇ ಗತಿಯಲ್ಲವೇ ಎಂಬುದು ಮೊದಲನೆಯದು. 2011ರಲ್ಲಿ ಸಂಚಾರ ಆರಂಭಿಸಿದ ಡಿಸ್ನಿ ಡ್ರೀಮ್ ಹಡಗಿನ ಒಳಕ್ಯಾಬಿನ್ನುಗಳಲ್ಲಿ ದುಂಡನೆಯ ಪರದೆಯೊಂದು ಹೊರಗಿನ ಕ್ಯಾಮೆರಾ ಕಂಡ ಸಮುದ್ರವನ್ನು ಆ ಕ್ಷಣದಲ್ಲೇ ತೋರಿಸುತ್ತದೆ. ಪರದೆ ಕೃತಕ, ಒಪ್ಪೋಣ. ಆದರೆ ಅದು ತರುವ ಸುದ್ದಿ ನಿಜ: ಹೊರಗೆ ಬೆಳಗಾದರೆ ಒಳಗೂ ಬೆಳಗು, ಹೊರಗೆ ಮೋಡವಾದರೆ ಒಳಗೂ ಮಬ್ಬು. ಗವಾಕ್ಷಿಯ ಬೆಳಕು ಮಾಡುವ ಕೆಲಸವನ್ನು ಅದು ತಕ್ಕಮಟ್ಟಿಗೆ ಮಾಡುತ್ತದೆ. ಗೋಡೆಕಾಗದದ ಎಲೆ ಬೆಳಿಗ್ಗೆಯೂ ಮಧ್ಯರಾತ್ರಿಯೂ ಒಂದೇ. ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಇಂಥ ದೈತ್ಯ ಹಡಗು ತಾನೇ ಸಮುದ್ರಕ್ಕೂ ಗಾಳಿಗೂ ಹೊರೆ. ಅದರೊಳಗೆ ನಿಸರ್ಗದ ಮಾತಾಡುವುದು ಆತ್ಮವಂಚನೆ ಎಂಬ ಮಾತು. ಇದರಲ್ಲಿನ ಸತ್ಯವನ್ನು ನಾನು ಅಲ್ಲಗಳೆಯಲಾರೆ. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಜಗತ್ತಿನಾದ್ಯಂತ ಶೇ. 0.5ಕ್ಕೆ ಇಳಿಸಬೇಕಾಗಿ ಬಂದದ್ದೇ ಹೊರೆ ಎಷ್ಟಿತ್ತೆಂಬುದಕ್ಕೆ ಸಾಕ್ಷಿ. ಒಳಾಂಗಣ ಒಂದರಿಂದ ಹಡಗು ಪಾವನವಾಗದು. ಆದರೆ ಈ ಆಕ್ಷೇಪ ಗುಣದ ದಾರಿಯನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ರೂಪದ ಅಲಂಕಾರ ತೂಕ ಕೂಡಿಸುತ್ತದೆ, ತೂಕ ಇಂಧನ ಬೇಡುತ್ತದೆ. ನೆರಳು, ಹಗಲು ಬೆಳಕು, ಹಗುರ ಕಲ್ಲು, ಪಸೆ ಕಾಯುವ ಉಣ್ಣೆ ಇವು ಯಂತ್ರದ ಹೊರೆಯನ್ನು ಅಷ್ಟಷ್ಟೇ ಇಳಿಸುತ್ತವೆ. ತನ್ನಿಂದ ನಿಸರ್ಗಕ್ಕೆ ಎಷ್ಟು ಭಾರ ಕೂಡಿತು, ಎಷ್ಟು ಕಳೆಯಿತು ಎಂಬ ಲೆಕ್ಕ ಕೊಡಲಾರದ ಒಳಾಂಗಣಕ್ಕೆ ನಿಸರ್ಗದ ಹೆಸರಿಟ್ಟುಕೊಳ್ಳುವ ಹಕ್ಕಿಲ್ಲ.

ಮೂರನೆಯದು ಈ ಸಭೆಯಲ್ಲೇ ಹುಟ್ಟಬಹುದಾದ ಪ್ರಶ್ನೆ. ಸಮುದ್ರದಿಂದ ನೂರಾರು ಮೈಲಿ ದೂರದ, ಗುಳೆ ಹೋಗುವ ಕುಟುಂಬಗಳಿರುವ ಈ ನಾಡಿಗೆ ಸಿರಿವಂತರ ಹಡಗಿನ ಗೊಡವೆ ಏಕೆ? ಐಷಾರಾಮವೆನ್ನುವುದು ಕೊಳ್ಳುವವನ ಸುಖವಾಗಿರುವಷ್ಟೇ ಮಾಡುವವನ ಅನ್ನವೂ ಹೌದು. ಕರ್ನಾಟಕ 2008ರಲ್ಲೇ ಸುವರ್ಣ ರಥ ರೈಲನ್ನು ಹೊರಡಿಸಿ, ಅದರ ಬೋಗಿಗಳಿಗೆ ಕದಂಬ, ಹೊಯ್ಸಳ ಮುಂತಾದ ರಾಜವಂಶಗಳ ಹೆಸರಿಟ್ಟಿತು. ನವ ಮಂಗಳೂರು ಬಂದರಿಗೆ ವಿಹಾರ ನೌಕೆಗಳು ಬಂದುಹೋಗುತ್ತವೆ. ಅವುಗಳ ಒಳಗೆ ಶಹಾಬಾದಿನ ಕಲ್ಲು, ಇಲ್ಲಿನ ಕಂಬಳಿ, ಸುರಪುರದ ಗೆರೆ, ಬೀದರಿನ ಬಿದರಿ ಸೇರಬೇಕಾದರೆ ಕರಕುಶಲದ ಹೆಸರಿನಲ್ಲಿ ಕರುಣೆ ಬೇಡಿ ಪ್ರಯೋಜನವಿಲ್ಲ. ಕಂಬಳಿಯನ್ನು ಬೆಂಕಿ ಪರೀಕ್ಷೆಯ ಪ್ರಮಾಣಪತ್ರದೊಡನೆ, ಕಲ್ಲನ್ನು ತೂಕದ ಲೆಕ್ಕದೊಡನೆ ಮುಂದಿಡಬೇಕು. ಈ ಜಿಲ್ಲೆಯ ತಾಂತ್ರಿಕ ವಿದ್ಯಾರ್ಥಿಗಳು ತಮ್ಮ ಅಜ್ಜಿಯ ಮನೆಯ ಮಾಳಿಗೆಯ ಕಾವನ್ನು ಗಂಟೆಗೊಮ್ಮೆ ಅಳೆದು ಬರೆದಿಟ್ಟರೂ ಅದು ವಿನ್ಯಾಸದ ಜಗತ್ತಿಗೆ ಬೆಲೆಯುಳ್ಳ ದಾಖಲೆ. ನೇಕಾರನ ಅರಿವಿಗೆ ಅಂಕಿ ಸೇರಿದ ದಿನ ಅವನ ಮಾತು ಹಡಗುಕಟ್ಟೆಯವರೆಗೂ ಕೇಳಿಸುತ್ತದೆ.

ಕೊನೆಯದಾಗಿ ಈ ಊರಿನ ಹೆಸರಿಗೇ ಮರಳುತ್ತೇನೆ. ಜಲದುರ್ಗ ಎಂದರೆ ನೀರು ಕಾಯುವ ಕೋಟೆ, ವನದುರ್ಗ ಎಂದರೆ ಕಾಡು ಕಾಯುವ ಕೋಟೆ. ಎರಡರಲ್ಲೂ ನಿಸರ್ಗಕ್ಕೆ ಒಂದು ಹೊಣೆ ವಹಿಸಲಾಗಿದೆ. ನೀರಿನ ಮೇಲೆ ತೇಲುವ ಕೋಟೆಯೊಳಗೆ ಹಸಿರನ್ನು ಕರೆಯುವವರು ಮೊದಲು ಈ ಪ್ರಶ್ನೆ ಕೇಳಿಕೊಳ್ಳಲಿ: ಈ ಎಲೆ, ಈ ಕಲ್ಲು, ಈ ಬೆಳಕು ಇಲ್ಲಿ ಯಾರನ್ನು ಕಾಯುತ್ತಿದೆ? ನಿದ್ದೆಯನ್ನು ಕಾಯುತ್ತಿದ್ದರೆ, ಉಸಿರನ್ನು ಕಾಯುತ್ತಿದ್ದರೆ, ನೇಯ್ದವರ ಬದುಕನ್ನು ಕಾಯುತ್ತಿದ್ದರೆ ಅದು ಇರಲಿ. ಯಾರನ್ನೂ ಕಾಯದಿದ್ದರೆ ಅದನ್ನು ದಡದಲ್ಲೇ ಇಳಿಸಿ ಹಡಗು ಹೊರಡಲಿ.